ಬೆಂಗಳೂರಿನ ಟೈರು, ದಢೇಸುಗೂರಿನ ರಸ್ತೆ

ಸಿಂಧನೂರಿನ ಸಿರುಗುಪ್ಪ ರಸ್ತೆಯಲ್ಲಿರುವ ಪಂಚರ್ ಅಂಗಡಿಯ ಚಾಚಾ ನನ್ನ ಕಾರಿನ ಡಿಕ್ಕಿಯಿಂದ ಟೈರು ಇಳಿಸಿ, ಅದರ ಪಕ್ಕೆಯ ಮೇಲೆ ನಿಧಾನಕ್ಕೆ ಅಂಗೈ ಆಡಿಸಿದರು. ಒಂದು ಕಡೆ ನಿಂಬೆಹಣ್ಣಿನಷ್ಟು ಉಬ್ಬಿತ್ತು.

"ಎಷ್ಟ್ ಕೊಟ್ಟಿ ತಮ್ಮಾ ಇದಕ್ಕ?"

"ಒಂದಕ್ಕ ಹದಿನೈದು ಸಾವಿರ ಚಾಚಾ. ನಾಲ್ಕಕ್ಕ ಅರವತ್ತು. ರಿಮ್ಮಿನ ರೊಕ್ಕ ಬ್ಯಾರೆ."

"ಅಂಥಾದ್ದೇನೈತಿ ಇದರಾಗ?"

"ಸಮ್ಮರ್ ಟೈರ್ ಚಾಚಾ. ಬೇಸಿಗಿಗೆ ಅಂತನ ಮಾಡಿದ್ದು."

ಚಾಚಾ ನಕ್ಕರು. ಹೊರಗೆ ಏಪ್ರಿಲ್ ತಿಂಗಳ ಮಧ್ಯಾಹ್ನ. ಡಾಂಬರಿನ ಮೇಲೆ ನೀರು ಹರಿದಂತೆ ಬಿಸಿಲು ಕುಣಿಯುತ್ತಿತ್ತು. "ಯಾರ ಊರಿನ ಬೇಸಿಗಿಗೆ?" ಅಂದರು.

ಉತ್ತರ ನನ್ನ ಹತ್ತಿರ ಇರಲಿಲ್ಲ. ಇಂಜಿನಿಯರಿಂಗ್ ಓದಿದ್ದೇನೆ, ದಿನಾ ಕಂಪ್ಯೂಟರ್ ಮುಂದೆ ಕೂತು ಬೇರೆಯವರ ತಪ್ಪು ಹುಡುಕುವುದೇ ನನ್ನ ಕೆಲಸ. ಆದರೂ ಟೈರು ಕೊಳ್ಳುವಾಗ ಕೇಳಬೇಕಾಗಿದ್ದ ಮೊದಲ ಪ್ರಶ್ನೆಯನ್ನೇ ಕೇಳಿರಲಿಲ್ಲ. ಕಾರಿನ ಹುಚ್ಚಿರುವ ಓದುಗರು, ಅದರಲ್ಲೂ ಬೆಂಗಳೂರಿನಲ್ಲಿ ದುಡಿದು ಹಬ್ಬಕ್ಕೆ ಊರಿಗೆ ಓಡುವ ನನ್ನಂಥವರು, ಹಣ ಖರ್ಚು ಮಾಡುವ ಮುಂಚೆ ಇದನ್ನೊಮ್ಮೆ ಓದಲಿ ಅಂತ ಬರೆಯುತ್ತಿದ್ದೇನೆ.

ನಾಲ್ಕು ಅಂಗೈ ಅಗಲದ ಜಾಗ

ನನ್ನದು ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ. 1.5 ಲೀಟರ್ ಟರ್ಬೊ ಪೆಟ್ರೋಲ್, 150 ಅಶ್ವಶಕ್ತಿ. ಫೆರಾರಿ ಮಾಲೀಕರು ಇದನ್ನು ಸ್ಪೋರ್ಟ್ಸ್ ಕಾರು ಅಂದ್ರೆ ನಗಬಹುದು. ಆದರೆ ಸಂಬಳದ ಕಂತಿನಲ್ಲಿ ಕಾರು ಕೊಳ್ಳುವ ನಮ್ಮಂಥವರಿಗೆ ಸ್ಪೋರ್ಟ್ಸ್ ಕಾರಿನ ಆಸೆ ಅಂದ್ರೆ ಇಂಥದ್ದೇ. ನಾಲ್ಕು ಬಾಗಿಲು ಇರಬೇಕು, ಹಿಂದೆ ಅಪ್ಪ ಅವ್ವ ಕೂರಬೇಕು, ಡಿಕ್ಕಿಯಲ್ಲಿ ಎರಡು ಚೀಲ ಸೋನಾಮಸೂರಿ ಹಿಡಿಸಬೇಕು, ಆದರೂ ಆಕ್ಸಿಲರೇಟರ್ ತುಳಿದರೆ ಬೆನ್ನು ಸೀಟಿಗೆ ಅಂಟಬೇಕು.

ಎಂಜಿನ್ ಎಷ್ಟೇ ದೊಡ್ಡದಿರಲಿ, ಕಾರು ರಸ್ತೆಯನ್ನು ಮುಟ್ಟುವುದು ಟೈರಿನಿಂದ ಮಾತ್ರ. ಎಷ್ಟು ಜಾಗ ಮುಟ್ಟುತ್ತೆ ಅಂತ ಲೆಕ್ಕ ಹಾಕಿ ನೋಡಿ. ಜನ, ಸಾಮಾನು ಸೇರಿ ಕಾರಿನ ತೂಕ 1600 ಕಿಲೊ ಅಂದುಕೊಂಡರೆ ಒಂದು ಚಕ್ರದ ಪಾಲಿಗೆ 400 ಕಿಲೊ. ಟೈರಿನ ಗಾಳಿ 32 ಪಿಎಸ್ಐ. ಭಾಗಿಸಿದರೆ ಹೆಚ್ಚುಕಡಿಮೆ 180 ಚದರ ಸೆಂಟಿಮೀಟರ್ ಬರುತ್ತೆ. ಬೆರಳು ಚಾಚಿದ ಅಂಗೈಯಷ್ಟು. ಅಂಥ ನಾಲ್ಕು ಅಂಗೈ ಜಾಗದ ಮೇಲೆ ಇಡೀ ಸಂಸಾರ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುತ್ತದೆ. ಬ್ರೇಕು, ಎಬಿಎಸ್ಸು, ಏನೇ ಇದ್ದರೂ ಅದರ ಕೆಲಸ ನಡೆಯುವುದು ಈ ಅಂಗೈ ಅಗಲದಲ್ಲೇ.

ಅದಕ್ಕೇ ಕಾರು ಚೆನ್ನಾಗಿ ಓಡಬೇಕು ಅಂದ್ರೆ ಮೊದಲು ಟೈರು ಬದಲಾಯಿಸು ಅಂತ ಬಲ್ಲವರು ಹೇಳುವುದು. ಮಾತು ನಿಜವೇ. ಎರಡು ವರ್ಷ ಕಂಪನಿಯ ಟೈರಿನಲ್ಲಿ ಓಡಾಡಿದ ಮೇಲೆ ನಾನೂ ಬದಲಾಯಿಸಿದೆ. ಕಂಪನಿಯ ಅಳತೆ 205/55 ಆರ್ 16. ಅದನ್ನು ತೆಗೆದು 17 ಇಂಚಿನ ರಿಮ್ಮು, ಅದಕ್ಕೆ 225/45 ಅಳತೆಯ ಸಮ್ಮರ್ ಪರ್ಫಾರ್ಮೆನ್ಸ್ ಟೈರು ಹಾಕಿಸಿದೆ.

ಬೇಸಿಗೆ ಅನ್ನೋ ಹೆಸರು ಎಲ್ಲಿಂದ ಬಂತು?

ಈ ಸಮ್ಮರ್ ಅನ್ನುವ ಮಾತು ಯುರೋಪಿನದು. ಅಲ್ಲಿ ಚಳಿಗಾಲಕ್ಕೆ ಒಂದು ಜೊತೆ ಟೈರು, ಉಳಿದ ಕಾಲಕ್ಕೆ ಇನ್ನೊಂದು ಜೊತೆ. ಜರ್ಮನಿಯಲ್ಲಿ ಹಿಮ, ಮಂಜುಗಡ್ಡೆ ಬಿದ್ದ ರಸ್ತೆಯಲ್ಲಿ ಚಳಿಗಾಲದ ಟೈರು ಇಲ್ಲದೆ ಓಡಿಸಿದರೆ ದಂಡ ಬೀಳುತ್ತೆ. ರಬ್ಬರ್ ಚಳಿಗೆ ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ಸುಮಾರು 7 ಡಿಗ್ರಿ ಸೆಲ್ಸಿಯಸ್ ಅನ್ನುವುದು ಅವರು ಹಾಕಿಕೊಂಡ ಗೆರೆ. ಅದಕ್ಕಿಂತ ಕೆಳಗೆ ಹೋದರೆ ಚಳಿಗಾಲದ ಟೈರು, ಮೇಲೆ ಇದ್ದರೆ ಬೇಸಿಗೆಯದು.

ಅಂದ್ರೆ ಅವರ ಲೆಕ್ಕದಲ್ಲಿ 10 ಡಿಗ್ರಿಯೂ ಬೇಸಿಗೆಯೇ! ದಢೇಸುಗೂರಿನಲ್ಲಿ ಧನುರ್ಮಾಸದ ನಸುಕಿನಲ್ಲಿ ಕಂಬಳಿ ಹೊದ್ದು ಹೊಲಕ್ಕೆ ಹೋಗುವ ಹೊತ್ತಿನಲ್ಲೂ ಸಾಮಾನ್ಯವಾಗಿ ಅದಕ್ಕಿಂತ ಬೆಚ್ಚಗೇ ಇರುತ್ತೆ. ಹಾಗೆ ನೋಡಿದರೆ ನಮ್ಮ ದೇಶದ ಬಹುಪಾಲು ಊರುಗಳಿಗೆ ಚಳಿಗಾಲದ ಟೈರಿನ ಗೊಡವೆಯೇ ಇಲ್ಲ. ನಮ್ಮ ಅಂಗಡಿಯಲ್ಲಿ ಸಿಗುವ ಮಾಮೂಲಿ ಕಾರಿನ ಟೈರುಗಳೂ ಬಿಸಿ ಹವೆಗೆ ಹೊಂದುವಂಥವೇ. ಹಾಗಾಗಿ ಸಮ್ಮರ್ ಅನ್ನುವ ಪದ ನೋಡಿ ಹೆಚ್ಚು ದುಡ್ಡು ಕೊಡುವ ಕಾರಣ ಇಲ್ಲ. ನಾವು ನಿಜಕ್ಕೂ ದುಡ್ಡು ಕೊಡುವುದು ಪರ್ಫಾರ್ಮೆನ್ಸ್ ಅನ್ನುವ ಎರಡನೇ ಪದಕ್ಕೆ.

ಅದರಲ್ಲಿ ಏನಿರುತ್ತೆ? ರಬ್ಬರ್ ಮಿಶ್ರಣ ಮೆದು ಮತ್ತು ಜಿಗುಟು, ಒದ್ದೆ ರಸ್ತೆಯ ಹಿಡಿತಕ್ಕೆ ಸಿಲಿಕಾ ಹೆಚ್ಚು. ತಿರುವಿನಲ್ಲಿ ಬಳುಕದ ಹಾಗೆ ಪಕ್ಕೆ ಬಿಗಿ. ನೀರು ಹೊರಹಾಕಲು ಸುತ್ತಲೂ ಅಗಲವಾದ ಕಾಲುವೆಗಳು. ಇದಕ್ಕೆ ತದ್ವಿರುದ್ಧ ಟೂರಿಂಗ್ ಟೈರು. ಅದನ್ನು ಆರಾಮ, ಕಡಿಮೆ ಸದ್ದು, ಹೆಚ್ಚು ಬಾಳಿಕೆಗೆ ಅಂತ ಮಾಡಿರುತ್ತಾರೆ.

ಆರು ಮೀಟರಿನ ಬೆಲೆ

ಮೊದಲು ಆ ಟೈರಿನ ಒಳ್ಳೆಯ ಗುಣ ಹೇಳಬೇಕು, ಇಲ್ಲದಿದ್ದರೆ ಅನ್ಯಾಯ.

ಹಾಕಿಸಿದ ದಿನವೇ ವ್ಯತ್ಯಾಸ ಗೊತ್ತಾಯಿತು. ಸ್ಟೀರಿಂಗ್ ತಿರುಗಿಸಿದರೆ ಕಾರು ಯೋಚನೆ ಮಾಡದೆ ತಿರುಗುತ್ತಿತ್ತು. ನಂದಿಬೆಟ್ಟದ ತಿರುವುಗಳಲ್ಲಿ ಮೊದಲು ಕಿರ್ ಅನ್ನುತ್ತಿದ್ದ ಜಾಗದಲ್ಲಿ ಈಗ ಸದ್ದೇ ಇಲ್ಲ. ಆದರೆ ಬೆಟ್ಟದ ತಿರುವಿಗೆ ವರ್ಷಕ್ಕೆ ಎಷ್ಟು ಸಲ ಹೋಗ್ತೀವಿ? ನನಗೆ ಟೈರಿನ ನಿಜವಾದ ಬೆಲೆ ಗೊತ್ತಾಗಿದ್ದು ಸೆಪ್ಟೆಂಬರಿನ ಒಂದು ರಾತ್ರಿ.

ಬೆಂಗಳೂರಿನಿಂದ ಹಿರಿಯೂರು, ಅಲ್ಲಿಂದ 150ಎ ಹೆದ್ದಾರಿ ಹಿಡಿದು ಚಳ್ಳಕೆರೆ, ಬಳ್ಳಾರಿ, ಸಿರುಗುಪ್ಪ, ಆಮೇಲೆ ತುಂಗಭದ್ರೆಯ ಸೇತುವೆ ದಾಟಿದರೆ ನಮ್ಮೂರು. ಮುನ್ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದಾರಿ. ಬಳ್ಳಾರಿ ಬಿಟ್ಟಾಗ ಶುರುವಾದ ಮಳೆ ಸಿರುಗುಪ್ಪ ದಾಟಿದರೂ ನಿಂತಿರಲಿಲ್ಲ. ಪಕ್ಕದಲ್ಲಿ ಹೆಂಡತಿ, ಹಿಂದಿನ ಸೀಟಿನಲ್ಲಿ ಮಗಳು ನಿದ್ದೆ. ವೇಗ 80ರ ಆಸುಪಾಸು. ಆ ಮಳೆಗೆ ಅದೂ ಹೆಚ್ಚೇ ಅಂತ ಈಗ ಒಪ್ಪಿಕೊಳ್ಳುತ್ತೇನೆ. ಎದುರು ಲಾರಿಯ ಬೆಳಕು ಕಣ್ಣಿಗೆ ಹೊಡೆದು, ಅದು ದಾಟಿ ಹೋದ ಕೂಡಲೇ ಮುಂದೆ ಟ್ರ್ಯಾಕ್ಟರ್ ಟ್ರೇಲರಿನ ಹಿಂಭಾಗ ಕಂಡಿತು. ಲೈಟಿಲ್ಲ, ರಿಫ್ಲೆಕ್ಟರ್ ಇಲ್ಲ. ಬ್ರೇಕ್ ಪೂರ್ತಿ ತುಳಿದೆ. ಕಾಲಿನ ಕೆಳಗೆ ಎಬಿಎಸ್ ಗುಡುಗುಡು ಅಂದಿತು. ಕಾರು ನೇರವಾಗಿ ನಿಂತಿತು. ಟ್ರೇಲರಿಗೂ ನಮ್ಮ ಬಾನೆಟ್ಟಿಗೂ ನಡುವೆ ಒಬ್ಬ ಮನುಷ್ಯ ಅಡ್ಡ ನಿಲ್ಲುವಷ್ಟು ಜಾಗ ಇತ್ತು. ಮಗಳು ಎದ್ದು "ಊರು ಬಂತಾ ಪಪ್ಪಾ?" ಅಂದಳು.

ಮಾರನೇ ದಿನ ಕಾಗದ ಪೆನ್ನು ತಗೊಂಡು ಕೂತೆ. ಪಿಯುಸಿ ಭೌತಶಾಸ್ತ್ರದ ಲೆಕ್ಕವೇ ಸಾಕು. 80 ಕಿಲೋಮೀಟರ್ ವೇಗದಲ್ಲಿ ಒದ್ದೆ ರಸ್ತೆಯ ಘರ್ಷಣಾಂಕ 0.7 ಇದ್ದರೆ ಕಾರು ನಿಲ್ಲಲು 36 ಮೀಟರ್ ಬೇಕು. ಅದೇ 0.6 ಇದ್ದರೆ 42 ಮೀಟರ್. ವ್ಯತ್ಯಾಸ ಆರೇ ಮೀಟರ್ ಅನಿಸುತ್ತೆ. ಆದರೆ ಇನ್ನೊಂದು ಥರ ನೋಡಿ. ಒಳ್ಳೆಯ ಟೈರಿನ ಕಾರು 36 ಮೀಟರಿಗೆ ಪೂರ್ತಿ ನಿಂತ ಜಾಗದಲ್ಲಿ ಎರಡನೇ ಕಾರು ಇನ್ನೂ ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಇರುತ್ತೆ. ಟ್ರೇಲರಿನ ಕಬ್ಬಿಣದ ಅಂಚು ಕಾರಿನ ಗಾಜಿನ ಎತ್ತರಕ್ಕೇ ಇರುತ್ತದೆ. ಮುಂದೆ ಲೆಕ್ಕ ಮಾಡಲು ಮನಸ್ಸಾಗಲಿಲ್ಲ. ಕಾಗದ ಮಡಚಿಟ್ಟೆ.

ಹಳೆಯ ಟೈರಿದ್ದಿದ್ದರೆ ಏನಾಗುತ್ತಿತ್ತು ಅಂತ ಖಂಡಿತವಾಗಿ ಹೇಳಲಾರೆ. ಆದರೆ ಅವತ್ತಿನಿಂದ ಟೈರಿನಲ್ಲಿ ನಾನು ಮೊದಲು ನೋಡುವುದು ಒದ್ದೆ ರಸ್ತೆಯ ಹಿಡಿತವನ್ನೇ. ನಮ್ಮ ಸರ್ಕಾರವೂ ಇದನ್ನು ಗಮನಿಸಿದೆ. ಕಾರು, ಬಸ್ಸು, ಲಾರಿ ಟೈರುಗಳಿಗೆ ಉರುಳುವಾಗಿನ ತಡೆ, ಒದ್ದೆ ರಸ್ತೆಯ ಹಿಡಿತ, ಸದ್ದು ಈ ಮೂರಕ್ಕೂ ಮಿತಿ ಹಾಕುವ ನಿಯಮವನ್ನು ಕೇಂದ್ರ ಸಾರಿಗೆ ಸಚಿವಾಲಯ 2022ರಲ್ಲಿ ಹೊರಡಿಸಿತು.

ರಸ್ತೆಯ ಮೇಲೆ ಭತ್ತ

ಇಷ್ಟು ಒಳ್ಳೆಯ ಟೈರು ಚಾಚಾನ ಅಂಗಡಿಗೆ ಹೇಗೆ ಬಂತು ಅಂತ ಕೇಳ್ತೀರಿ.

ನಮ್ಮ ಕಡೆಯ ರಸ್ತೆ ನೋಡದವರಿಗಾಗಿ ಸ್ವಲ್ಪ ಹೇಳಬೇಕು. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಮುಗಿದು, ಎಡದಂಡೆ ಕಾಲುವೆಯ ನೀರು ಹರಿದ ಮೇಲೆ ಸಿಂಧನೂರು ಸೀಮೆ ಭತ್ತದ ಕಣಜವಾಯಿತು. ಎರೆ ಭೂಮಿ, ಮೇಲೆ ಕಾಲುವೆ ನೀರು. ಬೇಸಿಗೆಗೆ ಎರೆ ಬಿರುಕು ಬಿಡುತ್ತೆ, ಮಳೆಗೆ ಉಬ್ಬುತ್ತೆ. ಅದರ ಮೇಲೆ ಹಾಕಿದ ಡಾಂಬರು ಎಷ್ಟು ದಿನ ನೆಟ್ಟಗಿದ್ದೀತು? ನಾಟಿ ಹೊತ್ತಿನಲ್ಲಿ ಕೇಜ್ ವೀಲ್ ಹಾಕಿದ ಟ್ರ್ಯಾಕ್ಟರುಗಳು ರಸ್ತೆಗೆ ಇಳಿದರೆ ಕಬ್ಬಿಣದ ಪಟ್ಟಿ ಡಾಂಬರನ್ನು ಕೊರೆಯುತ್ತಾ ಹೋಗುತ್ತದೆ. ಸುಗ್ಗಿಯಲ್ಲಿ ಅರ್ಧ ರಸ್ತೆಯ ಮೇಲೆ ಭತ್ತ ಒಣಗುತ್ತಿರುತ್ತೆ, ವಾಹನ ಹತ್ತಬಾರದು ಅಂತ ಅಂಚಿಗೆ ಸಾಲಾಗಿ ಕಲ್ಲು. ಬೈಯುವುದು ಸುಲಭ. ಆದರೆ ಅಷ್ಟು ಭತ್ತ ಹರಡಲು ರೈತನಿಗೆ ಬೇರೆ ಕಣ ಎಲ್ಲಿದೆ? ನಮ್ಮಪ್ಪನೂ ಒಣಗಿಸಿದ್ದಾನೆ.

ಏಪ್ರಿಲಿನಲ್ಲಿ ಅವ್ವನ ಕಣ್ಣಿನ ಪೊರೆ ಆಪರೇಷನ್ನಿಗೆ ಬಳ್ಳಾರಿಯ ಆಸ್ಪತ್ರೆಯೊಂದರಲ್ಲಿ ದಿನ ಗೊತ್ತಾಗಿತ್ತು. ಕರಕೊಂಡು ಹೋಗಲೆಂದೇ ರಜೆ ಹಾಕಿ ಊರಿಗೆ ಬಂದಿದ್ದೆ. ಹಿಂದಿನ ಸಂಜೆ ಪಕ್ಕದ ಕ್ಯಾಂಪಿಗೆ ಏನೋ ಕೆಲಸಕ್ಕೆ ಹೋಗಿ ಬರುವಾಗ ಕಲ್ಲಿನ ಸಾಲು ತಪ್ಪಿಸಲು ಬಲಕ್ಕೆ ಎಳೆದೆ. ಬಲಗಡೆ ಡಾಂಬರಿನ ಅಂಚೇ ಒಡೆದಿತ್ತು. ಧಡ್ ಅಂತ ಒಂದು ಏಟು. ವೇಗ 50ಕ್ಕಿಂತ ಹೆಚ್ಚಿರಲಿಲ್ಲ. ಕಾರು ಏನೂ ಆಗದ ಹಾಗೆ ಮನೆಗೆ ಬಂತು. ಬೆಳಿಗ್ಗೆ ನೋಡಿದರೆ ಮುಂದಿನ ಟೈರಿನ ಪಕ್ಕೆಯಲ್ಲಿ ಉಬ್ಬು.

ಟೈರು ಬರೀ ರಬ್ಬರ್ ಅಲ್ಲ. ಪಕ್ಕೆಯ ಒಳಗೆ ದಾರದ ಪದರ ಇರುತ್ತೆ, ಗಾಳಿಯ ಒತ್ತಡ ತಡೆಯುವುದು ಅದೇ. ಗುಂಡಿಯ ಅಂಚು ಮತ್ತು ರಿಮ್ಮಿನ ನಡುವೆ ಪಕ್ಕೆ ಸಿಕ್ಕಿ ನುಜ್ಜಾದರೆ ದಾರ ಹರಿಯುತ್ತೆ. ಹರಿದ ಕಡೆ ಗಾಳಿ ರಬ್ಬರನ್ನು ಹೊರಗೆ ತಳ್ಳುತ್ತೆ. ಅದೇ ಉಬ್ಬು. ಇದಕ್ಕೆ ಪ್ಯಾಚಿಲ್ಲ, ರಿಪೇರಿಯಿಲ್ಲ. ಓಡಿಸುತ್ತಾ ಹೋದರೆ ಬಿಸಿಗೆ, ಭಾರಕ್ಕೆ ಯಾವಾಗ ಬೇಕಾದರೂ ಸಿಡಿಯಬಹುದು.

ತಪ್ಪು ಪರ್ಫಾರ್ಮೆನ್ಸ್ ಟೈರಿನದು ಅನ್ನುವುದಕ್ಕಿಂತ ನಾನು ಆರಿಸಿದ ಅಳತೆಯದು. 205/55 ಅಂದ್ರೆ ಟೈರಿನ ಅಗಲ 205 ಮಿಲಿಮೀಟರ್, ಪಕ್ಕೆಯ ಎತ್ತರ ಅದರ ಶೇ 55, ಅಂದಾಜು 113 ಮಿಲಿಮೀಟರ್. 225/45 ಆದರೆ 101 ಮಿಲಿಮೀಟರ್. ನೋಡೋಕೆ ಚೆಂದ ಇರಲಿ ಅಂತ ಒಂದು ಸೆಂಟಿಮೀಟರಿಗೂ ಹೆಚ್ಚು ಮೆತ್ತೆಯನ್ನು ನಾನೇ ಕಾಸು ಕೊಟ್ಟು ತೆಗೆಸಿದ್ದೆ. ಗುಂಡಿ ಬಂದಾಗ ರಿಮ್ಮಿಗೂ ರಸ್ತೆಗೂ ನಡುವೆ ಇರಬೇಕಾದ ಮೆತ್ತೆ ಅದು.

ಆ ಅಳತೆಯ ಟೈರು ಸಿಂಧನೂರಿನಲ್ಲಿ ಸಿಗಲಿಲ್ಲ. ರಾಯಚೂರಿಗೆ ಫೋನ್ ಮಾಡಿದೆ, ತರಿಸಬೇಕು, ಎರಡು ದಿನ ಅಂದರು. ಸ್ಟೆಪ್ನಿ ಹಳೆಯ ಅಳತೆಯದು. ಅಗಲ ಬೇರೆ, ಹಿಡಿತ ಬೇರೆ. ನಿಧಾನಕ್ಕೆ ಸಿಂಧನೂರಿಗೆ ಹೋಗಿ ಬರಬಹುದು, ಅವ್ವನನ್ನು ಕೂರಿಸಿಕೊಂಡು ಹೆದ್ದಾರಿಯಲ್ಲಿ ಬಳ್ಳಾರಿಗೆ ಹೋಗುವ ಧೈರ್ಯ ಆಗಲಿಲ್ಲ. ಬಾಡಿಗೆ ಕಾರು ಹುಡುಕಲು ಹೊತ್ತಿರಲಿಲ್ಲ. ಕೊನೆಗೆ ಅವ್ವ, ತಮ್ಮ ಇಬ್ಬರೂ ಸರ್ಕಾರಿ ಬಸ್ಸು ಹತ್ತಿದರು. 150 ಅಶ್ವಶಕ್ತಿಯ ಕಾರು ಬೇವಿನ ಮರದ ಕೆಳಗೆ ನಿಂತಿತ್ತು. ಸ್ಟೆಪ್ನಿ ಹಾಕಿ ನಾನು ಚಾಚಾನ ಅಂಗಡಿಗೆ ಹೋದೆ.

ಅವ್ವ ಮರುದಿನ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಬಸ್ಸಿನಿಂದ ಇಳಿದಳು. ಬೈಯಲಿಲ್ಲ. ಕಾರಿನ ಕಡೆ ಇನ್ನೊಂದು ಕಣ್ಣಿನಿಂದ ನೋಡಿ "ಬಸ್ಸಿನ ಗಾಲಿನ ಗಟ್ಟಿ ನೋಡಪಾ" ಅಂದಳು ಅಷ್ಟೇ.

ಬೇಸಿಗೆಗೆ ಗಾಳಿ ಕಮ್ಮಿ ಇಡಬೇಕಾ?

ಚಾಚಾನ ಅಂಗಡಿಯಲ್ಲಿ ಕೂತಿದ್ದಾಗ ಒಬ್ಬರು ಬೊಲೆರೊ ತಂದು ನಿಲ್ಲಿಸಿದರು. "ಬಿಸಲು ಬಾಳ ಐತಿ, ಐದು ಪಾಯಿಂಟ್ ಗಾಳಿ ಇಳಸು" ಅಂದರು. ಚಾಚಾ ಇಳಿಸಲಿಲ್ಲ. "ಗಾಳಿ ಕಮ್ಮಿ ಆದ್ರ ಟೈರು ಜಾಸ್ತಿ ಕಾಯತೈತಿ ಅಣ್ಣಾ. ನಾ ಇಳಸಂಗಿಲ್ಲ" ಅಂದರು. ಇದು ನಮ್ಮ ಕಡೆ ತುಂಬಾ ಜನರ ನಂಬಿಕೆ, ನನಗೂ ಇತ್ತು. ಬಿಸಿಲಿಗೆ ಗಾಳಿ ಹಿಗ್ಗಿ ಟೈರು ಸಿಡಿಯುತ್ತೆ, ಅದಕ್ಕೆ ಮೊದಲೇ ಕಮ್ಮಿ ಇಡಬೇಕು ಅಂತ.

ಲೆಕ್ಕ ನೋಡಿ. ಬೆಳಿಗ್ಗೆ 28 ಡಿಗ್ರಿಯಲ್ಲಿ 32 ಪಿಎಸ್ಐ ಗಾಳಿ ತುಂಬಿಸಿದಿರಿ ಅಂದುಕೊಳ್ಳಿ. ಓಡಿಸಿ ಟೈರಿನ ಒಳಗಿನ ಗಾಳಿ 55 ಡಿಗ್ರಿಗೆ ಬಂದರೆ ಒತ್ತಡ ಅಂದಾಜು 36 ಆಗುತ್ತೆ. ನಾಲ್ಕೇ ಪಾಯಿಂಟ್. ಟೈರು ಮಾಡುವವರು ಈ ಏರಿಕೆಯನ್ನು ಮೊದಲೇ ಲೆಕ್ಕಕ್ಕೆ ಹಿಡಿದಿರುತ್ತಾರೆ. ಅಪಾಯ ಇರುವುದು ಇನ್ನೊಂದು ಕಡೆ. ಗಾಳಿ ಕಮ್ಮಿ ಇದ್ದರೆ ಚಕ್ರ ಉರುಳಿದ ಪ್ರತಿ ಸುತ್ತಿಗೂ ಪಕ್ಕೆ ಹೆಚ್ಚು ಮಡಚುತ್ತೆ. ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಬಿಸಿಯಾಗುವುದಿಲ್ಲವೇ, ಹಾಗೆ. ಒಳಗಿನಿಂದ ಹುಟ್ಟುವ ಈ ಬಿಸಿಗೆ 40 ದಾಟಿದ ಹವೆ, 60 ಡಿಗ್ರಿ ಮುಟ್ಟುವ ಡಾಂಬರು ಸೇರಿದರೆ ರಬ್ಬರು ಮತ್ತು ಪದರಗಳ ಬೆಸುಗೆ ಬಿಡುತ್ತದೆ. ಬೇಸಿಗೆಯಲ್ಲಿ ಟೈರು ಸಿಡಿಯಲು ಕಮ್ಮಿ ಗಾಳಿ, ಹೆಚ್ಚು ಭಾರ, ಹೆಚ್ಚು ವೇಗ ಈ ಮೂರೂ ಕೂಡಿಬರುವುದೇ ದೊಡ್ಡ ಕಾರಣ.

ಮಳೆಗಾಲಕ್ಕೂ ಇದೇ ಮಾತು. ನಿಂತ ನೀರಿನ ಮೇಲೆ ಟೈರು ತೇಲಿ, ಸ್ಟೀರಿಂಗ್, ಬ್ರೇಕ್ ಎರಡೂ ಕೆಲಸ ಮಾಡದ ಸ್ಥಿತಿ ಬರುತ್ತಲ್ಲ, ಅದರ ಬಗ್ಗೆ ಅಮೆರಿಕದ ನಾಸಾ ಸಂಸ್ಥೆ ವಿಮಾನದ ಚಕ್ರಗಳ ಮೇಲೆ ಅಧ್ಯಯನ ಮಾಡಿ ಒಂದು ಸೂತ್ರ ಕೊಟ್ಟಿದೆ. ತೇಲುವ ವೇಗ ಗಾಳಿಯ ಒತ್ತಡದ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. ಕಾರಿಗೆ ಅದು ಒರಟು ಅಂದಾಜು ಅಷ್ಟೇ. ಆದರೂ ಆ ಸೂತ್ರದ ಪ್ರಕಾರ 32 ಪಿಎಸ್ಐ ಇದ್ದಾಗ ಸುಮಾರು 94 ಕಿಲೋಮೀಟರ್ ವೇಗ, 24ಕ್ಕೆ ಇಳಿದರೆ 82. ಟೈರು ಸವೆದಿದ್ದರೆ ಇನ್ನೂ ಮೊದಲೇ ತೇಲುತ್ತೆ. ಅಂದ್ರೆ ಅರವತ್ತು ಸಾವಿರದ ಟೈರು ಹಾಕಿ ಗಾಳಿ ನೋಡದೆ ಓಡಿಸುವವನಿಗಿಂತ, ಮಾಮೂಲಿ ಟೈರಿಗೆ ಸರಿಯಾದ ಗಾಳಿ ಇಟ್ಟುಕೊಂಡವನೇ ಜಾಣ.

ನೈಟ್ರೋಜನ್ ತುಂಬಿಸಿದರೆ ಬಿಸಿಯಾಗಲ್ಲವಂತೆ ಅಂತ ಕೇಳುವವರಿದ್ದಾರೆ. ನಾವು ಉಸಿರಾಡುವ ಗಾಳಿಯಲ್ಲೇ ಶೇ 78ರಷ್ಟು ನೈಟ್ರೋಜನ್ ಇದೆ. ಬಿಸಿಗೆ ಎರಡೂ ಹೆಚ್ಚುಕಡಿಮೆ ಒಂದೇ ಥರ ಹಿಗ್ಗುತ್ತವೆ. ಪುಕ್ಕಟೆ ಸಿಕ್ಕರೆ ಹಾಕಿಸಿಕೊಳ್ಳಿ, ಗಾಳಿ ನೋಡುವ ಕೆಲಸ ಮಾತ್ರ ತಪ್ಪುವುದಿಲ್ಲ.

ಟೈರಿನ ಪಕ್ಕೆ ಓದುವುದು ಹೇಗೆ?

ಅಂಗಡಿಯವರು ಹೇಳಿದ್ದನ್ನು ಕೇಳಿ. ಜೊತೆಗೆ ಟೈರು ತನ್ನ ಬಗ್ಗೆ ತಾನೇ ಬರೆದುಕೊಂಡಿರುವುದನ್ನೂ ಓದಿ.

ಅಳತೆಯ ಮುಂದೆ 91 ವಿ ಅಂತ ಇದ್ದರೆ 91 ಭಾರದ ಸಂಕೇತ. ಅಂದ್ರೆ ಒಂದು ಟೈರು 615 ಕಿಲೊ ಹೊರಬಲ್ಲದು. ವಿ ಅನ್ನುವುದು ವೇಗದ ಸಂಕೇತ, 240 ಕಿಲೋಮೀಟರಿನವರೆಗೆ. ಹೆಚ್ ಆದರೆ 210, ಡಬ್ಲ್ಯೂ ಆದರೆ 270. ನಾವು ಯಾರೂ 240ರಲ್ಲಿ ಹೋಗುವುದಿಲ್ಲ, ಹೋಗಲೂಬಾರದು. ಆದರೆ ವೇಗ ತಡೆಯುವುದು ಅಂದ್ರೆ ಬಿಸಿ ತಡೆಯುವುದು. ಹಾಗಾಗಿ ಕಂಪನಿ ಹೇಳಿದ ಸಂಕೇತಕ್ಕಿಂತ ಕೆಳಗಿನದನ್ನು ಹಾಕಿಸಬೇಡಿ.

ಟ್ರೆಡ್‌ವೇರ್ ಅಂತ ಒಂದು ಅಂಕಿ ಇರುತ್ತೆ. 100 ಅನ್ನುವುದು ಹೋಲಿಕೆಗೆ ಇಟ್ಟುಕೊಂಡ ಟೈರು. ಅಂಕಿ ಹೆಚ್ಚಿದ್ದಷ್ಟೂ ಸವೆತ ನಿಧಾನ. ಪರ್ಫಾರ್ಮೆನ್ಸ್ ಟೈರುಗಳಲ್ಲಿ ಇದು ಸಾಮಾನ್ಯವಾಗಿ 200ರಿಂದ 350ರ ಒಳಗೆ, ಟೂರಿಂಗ್ ಟೈರುಗಳಲ್ಲಿ 400ರ ಮೇಲೆ. ಹದಿನಾರು ಸಾವಿರ ಕಿಲೋಮೀಟರಿಗೇ ನನ್ನ ಟೈರಿನ ಮುಂದಿನ ಜೋಡಿ ಅರ್ಧ ಸವೆದಿತ್ತು. ಆದರೆ ಈ ಅಂಕಿಯನ್ನು ತಯಾರಕರೇ ಕೊಡುವುದರಿಂದ ಎರಡು ಬೇರೆ ಕಂಪನಿಗಳ ಅಂಕಿ ಹೋಲಿಸುವುದಕ್ಕಿಂತ ಒಂದೇ ಕಂಪನಿಯ ಎರಡು ಟೈರು ಹೋಲಿಸಲು ಹೆಚ್ಚು ಉಪಯೋಗ.

ಅದರ ಪಕ್ಕದಲ್ಲೇ ಟ್ರ್ಯಾಕ್ಷನ್, ಟೆಂಪರೇಚರ್ ಅಂತ ಎರಡು ದರ್ಜೆ. ಟ್ರ್ಯಾಕ್ಷನ್ ಒದ್ದೆ ರಸ್ತೆಯಲ್ಲಿ ನೇರ ಬ್ರೇಕಿನ ಪರೀಕ್ಷೆ, ಅದರಲ್ಲಿ ಎಎ ಎಲ್ಲಕ್ಕಿಂತ ಮೇಲು, ಆಮೇಲೆ ಎ, ಬಿ, ಸಿ. ಟೆಂಪರೇಚರ್ ಬಿಸಿ ತಡೆಯುವ ಶಕ್ತಿ. ನಮ್ಮ ರಾಯಚೂರು, ಬಳ್ಳಾರಿ, ಕಲಬುರಗಿ ಕಡೆಯವರು ಇದರಲ್ಲಿ ಎ ಬಿಟ್ಟು ಬೇರೆ ತಗೊಳ್ಳಬೇಡಿ.

ನಾಲ್ಕು ಅಂಕಿಯ ಚೌಕವೊಂದು ಇರುತ್ತೆ. 2324 ಅಂತ ಇದ್ದರೆ 2024ರ 23ನೇ ವಾರ ತಯಾರಾದದ್ದು. ಅಂಗಡಿಯಲ್ಲಿ ವರ್ಷಗಟ್ಟಲೆ ಕೂತ ಟೈರನ್ನು ಹೊಸದು ಅಂತ ಕೊಡಬಹುದು, ನೋಡಿ ತಗೊಳ್ಳಿ. ಬಿಸಿಲಿನ ಊರಿನಲ್ಲಿ ರಬ್ಬರು ಓಡದಿದ್ದರೂ ಮುದಿಯಾಗುತ್ತೆ.

ಇನ್ನು ಸವೆತ. ಕಾರಿನ ಟೈರಿಗೆ 1.6 ಮಿಲಿಮೀಟರ್ ಆಳ ಕಾನೂನಿನ ಕನಿಷ್ಠ. ಟೈರಿನ ಕಾಲುವೆಗಳ ನಡುವೆ ಸಣ್ಣ ದಿಬ್ಬದ ಗುರುತು ಇರುತ್ತೆ. ಟೈರು ಅದರ ಮಟ್ಟಕ್ಕೆ ಬಂದರೆ ಮುಗಿಯಿತು. ಮಳೆಗಾಲಕ್ಕೆ ಅಷ್ಟರ ತನಕ ಕಾಯದಿರುವುದು ಒಳ್ಳೆಯದು.

ಕೊನೆಗೆ ಯಾರಿಗೆ ಯಾವುದು?

ಬೆಂಗಳೂರು, ಮೈಸೂರಿನ ಒಳ್ಳೆಯ ರಸ್ತೆಯಲ್ಲೇ ಓಡಾಡುವವರು, ಹೆಚ್ಚಾಗಿ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಹೋಗುವವರು, ಇಪ್ಪತ್ತೈದು ಮೂವತ್ತು ಸಾವಿರ ಕಿಲೋಮೀಟರಿಗೆ ಟೈರು ಬದಲಾಯಿಸಲು ಬೇಜಾರಿಲ್ಲದವರು ಪರ್ಫಾರ್ಮೆನ್ಸ್ ಟೈರು ಖಂಡಿತ ಹಾಕಿಸಿ. ದಂಡ ಅಲ್ಲ. ಆದರೆ ಕಂಪನಿ ಕೊಟ್ಟ ಅಳತೆಯಲ್ಲೇ ಸಿಗುತ್ತಾ ನೋಡಿ. ಸಿಕ್ಕರೆ ರಿಮ್ಮಿನ ದುಡ್ಡೂ ಉಳಿಯುತ್ತೆ, ಮೆತ್ತೆಯೂ ಉಳಿಯುತ್ತೆ.

ವಾರವೆಲ್ಲಾ ನಗರದಲ್ಲಿ, ತಿಂಗಳಿಗೊಮ್ಮೆ ಊರಿಗೆ ಅನ್ನುವ ನನ್ನಂಥವರಿಗೆ ಕಂಪನಿಯ ಅಳತೆಯ, ಒದ್ದೆ ಹಿಡಿತಕ್ಕೆ ಒಳ್ಳೆಯ ಹೆಸರಿರುವ ಟೂರಿಂಗ್ ಟೈರು ಸಾಕು. ಟ್ರ್ಯಾಕ್ಷನ್ ಎಎ ಅಥವಾ ಎ, ಟೆಂಪರೇಚರ್ ಎ, ವೇಗದ ಸಂಕೇತ ಕಂಪನಿ ಹೇಳಿದ್ದು. ಮುಖ್ಯವಾಗಿ ಆ ಅಳತೆ ನಿಮ್ಮ ಊರಿನ ಹತ್ತಿರದ ಪಟ್ಟಣದಲ್ಲಿ ಸಿಗಬೇಕು. ಈ ಕೊನೆಯ ಮಾತನ್ನು ಯಾವ ಪತ್ರಿಕೆಯ ಟೈರು ಪರೀಕ್ಷೆಯಲ್ಲೂ ನಾನು ಓದಿರಲಿಲ್ಲ, ಸಿಂಧನೂರಿನಲ್ಲಿ ಕಲಿತೆ.

ದಿನಾ ಹೊಲ, ಕ್ಯಾಂಪು, ಸಂತೆ ಅಂತ ತಿರುಗುವವರು ನುಣುಪಾದ, ಅಗಲವಾದ ಟೈರಿನ ಆಸೆ ಬಿಟ್ಟು ಪಕ್ಕೆ ಎತ್ತರ ಇರುವುದನ್ನೇ ತಗೊಳ್ಳಿ.

ನಾನು 17 ಇಂಚಿನ ರಿಮ್ಮು, ಉಳಿದ ಮೂರು ಟೈರು ಮಾರಿದೆ. ಕೊಟ್ಟ ಬೆಲೆಯ ಅರ್ಧವೂ ಬರಲಿಲ್ಲ. ಈಗ ಮತ್ತೆ 205/55, ಟೂರಿಂಗ್ ಟೈರು. ಏನು ಕಳೆದುಕೊಂಡೆ ಅಂದ್ರೆ ಸ್ಟೀರಿಂಗಿನ ಆ ಚುರುಕು. ನಂದಿಬೆಟ್ಟದ ತಿರುವಿನಲ್ಲಿ ಈಗ ಸ್ವಲ್ಪ ನಿಧಾನ ಹೋಗುತ್ತೇನೆ. ಒದ್ದೆ ರಸ್ತೆಯಲ್ಲಿ ಬ್ರೇಕು ಮೊದಲಿನಷ್ಟು ಕಚ್ಚುವುದಿಲ್ಲ ಅನ್ನುವುದೂ ಗೊತ್ತು. ಅದಕ್ಕೆ ಮಳೆಯ ರಾತ್ರಿ 80ರ ಬದಲು 60. ಟೈರು ಬಿಟ್ಟುಕೊಟ್ಟ ಆರು ಮೀಟರನ್ನು ವೇಗ ಕಮ್ಮಿ ಮಾಡಿ ವಾಪಸ್ ತಗೊಳ್ಳುತ್ತೇನೆ. 60ರಲ್ಲಿ ಅದೇ 0.6 ಘರ್ಷಣಾಂಕಕ್ಕೂ ಕಾರು 24 ಮೀಟರಿಗೆ ನಿಲ್ಲುತ್ತೆ. ಬಳ್ಳಾರಿಯಿಂದ ಊರಿಗೆ ಕಾಲು ಗಂಟೆ ತಡ ಆಗಬಹುದು, ಆಗಲಿ.

ಈ ವರ್ಷ ಅವ್ವನ ಎರಡನೇ ಕಣ್ಣಿನ ಆಪರೇಷನ್. ಹೊರಡುವ ದಿನ ನಸುಕಿನಲ್ಲೇ ಎದ್ದು, ಬಿಸಿಲೇರುವ ಮುಂಚೆ ನಾಲ್ಕೂ ಟೈರಿನ ಗಾಳಿ ನೋಡಿದೆ. ಬಾಗಿಲ ಕಂಬಕ್ಕೆ ಅಂಟಿಸಿದ ಚೀಟಿಯಲ್ಲಿ ಪೂರ್ತಿ ಭಾರಕ್ಕೆ ಎಷ್ಟು ಅಂತ ಬರೆದಿರುತ್ತೆ, ಅಷ್ಟು ತುಂಬಿಸಿದೆ. ಅಪ್ಪ, ಅವ್ವ, ತಮ್ಮ, ಬುತ್ತಿಯ ಗಂಟು. ಸೇತುವೆಯ ಮೇಲೆ ಹೋಗುವಾಗ ಅವ್ವ ಒಳ್ಳೆಯ ಕಣ್ಣಿನಿಂದ ಹೊಳೆ ನೋಡುತ್ತಾ ಕೂತಿದ್ದಳು.

"ಈ ಸಲ ಗಾಲಿ ಗಟ್ಟಿ ಅದಾವೇನಪಾ?" ಅಂದಳು.

"ಅದಾವ ಬೇ" ಅಂದೆ.